ಅರ್ಧಾಯುಷ್ಯದ ಮೇಲಣ ಪರನಾಡು

ಹೈದರಾಬಾದು ನಗರದ ಪೂರ್ವಭಾಗದಲ್ಲಿ, ಒಂದೆಡೆ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ವಿಶಾಲವಾದ ಆವರಣಕ್ಕೂ ಮತ್ತೊಂದೆಡೆ ಮೌಲಾಲಿಯ ಬಂಡೆಗುಡ್ಡಕ್ಕೂ ನಡುವೆ, ತಾರ್ನಾಕ, ಹಬ್ಸಿಗುಡ, ಮಲ್ಲಾಪುರಗಳ ನೆರೆಯಲ್ಲಿ ಹರಡಿಕೊಂಡಿರುವ ನಾಚಾರಂ ಪ್ರವಾಸಿಗರ ಕೈಪಿಡಿಗಳಲ್ಲಿ ಸ್ಥಾನ ಪಡೆಯತಕ್ಕ ಊರಲ್ಲ. ಚಾರ್‌ಮಿನಾರಿನ ಪ್ರಾಚೀನತೆಯಾಗಲಿ ಗೋಲ್ಕೊಂಡದ ವೈಭವವಾಗಲಿ ಅದಕ್ಕಿಲ್ಲ. ಕಾರ್ಖಾನೆಗಳ ಷೆಡ್ಡುಗಳು, ಔಷಧ ಸಂಶೋಧನೆಯ ಪ್ರಯೋಗಾಲಯಗಳು, ಕಾರ್ಮಿಕರಿಗಾಗಿ ಕಟ್ಟಿದ ಇ.ಎಸ್.ಐ. ಆಸ್ಪತ್ರೆ, ಒಂದು ಕಾಲಕ್ಕೆ ಚಿತ್ರೀಕರಣದ ದೀಪಗಳಿಂದ ಬೆಳಗಿದ ಸ್ಟುಡಿಯೋ, ಇವೇ ಅದರ ಗುರುತುಗಳು. ಆದರೂ ಈ ಪ್ರದೇಶವನ್ನೂ ಅದರ ಅಕ್ಕಪಕ್ಕದ ಬಡಾವಣೆಗಳನ್ನೂ ಒಟ್ಟಾಗಿ ತೆಗೆದುಕೊಂಡು ಅವುಗಳ ಚರಿತ್ರೆಯನ್ನು ಪರಾಮರ್ಶಿಸಿದವರಿಗೆ ಒಂದು ಸಂಗತಿ ಗೋಚರವಾಗದೆ ಇರದು: ನಲವತ್ತು, ಐವತ್ತು, ಅರವತ್ತು ವರ್ಷ ವಯಸ್ಸಾದ ಮೇಲೆ, ಅದುವರೆಗೆ ನಡೆದ ದಾರಿಯನ್ನು ಬಿಟ್ಟು, ತಮ್ಮದಲ್ಲದ ನೆಲದಲ್ಲಿ ಮತ್ತೊಂದು ಕಾರ್ಯವನ್ನು ಕೈಗೊಂಡವರು ಇಲ್ಲಿ ಒಬ್ಬಿಬ್ಬರಲ್ಲ.

ಇಂಥವರ ಕಥೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ಅವರ ಧೈರ್ಯವನ್ನೂ ಪ್ರತಿಭೆಯನ್ನೂ ಕೊಂಡಾಡಿ ಸುಮ್ಮನಾಗುತ್ತೇವೆ. ಧೈರ್ಯವಿಲ್ಲದೆ ಯಾರೂ ನಡುವಯಸ್ಸಿನಲ್ಲಿ ಮನೆಮಠಗಳನ್ನು ತೊರೆದು ಹೊರಡಲಾರರೆಂಬುದು ನಿಜ. ಆದರೆ ಹೊರಟವರೆಲ್ಲರೂ ನೆಲೆ ನಿಲ್ಲಲಿಲ್ಲವಷ್ಟೆ. ಸಮಾನವಾದ ಪ್ರತಿಭೆ, ಸಮಾನವಾದ ಅನುಭವವಿದ್ದ ಇಬ್ಬರಲ್ಲಿ ಒಬ್ಬನಿಗೆ ಫಲಿಸಿದ ಪರನಾಡು ಮತ್ತೊಬ್ಬನಿಗೆ ಫಲಿಸದೆ ಹೋದದ್ದೇಕೆ ಎಂಬ ಪ್ರಶ್ನೆಗೆ ಉತ್ತರವನ್ನು ಹೋದವನಲ್ಲಿ ಮಾತ್ರವಲ್ಲದೆ, ಅವನನ್ನು ಬರಮಾಡಿಕೊಂಡ ನಾಡಿನಲ್ಲಿಯೂ ಹುಡುಕಬೇಕಾಗುತ್ತದೆ.

ಇಂದಿನ ಓದುಗರಿಗೆ ಹೈದರಾಬಾದನ್ನು ಪರದೇಶವೆಂದು ಕರೆದರೆ ಅತಿಶಯೋಕ್ತಿಯೆನಿಸಬಹುದು. ಆದರೆ 1948ಕ್ಕೆ ಹಿಂದೆ ಮೈಸೂರಿನಿಂದಲೋ ಮುಂಬಯಿ ಪ್ರಾಂತದಿಂದಲೋ ನಿಜಾಮನ ಸಂಸ್ಥಾನಕ್ಕೆ ಬಂದಿಳಿದವನು ಗಡಿ ದಾಟಿದೊಡನೆಯೇ ತನ್ನ ಕೈಯಲ್ಲಿದ್ದ ನಾಣ್ಯವನ್ನು ಬದಲಾಯಿಸಿಕೊಳ್ಳಬೇಕಾಗಿತ್ತು. ಬ್ರಿಟಿಷ್ ಇಂಡಿಯಾದ 100 ರೂಪಾಯಿಗಳಿಗೆ ಅಲ್ಲಿ ಸುಮಾರು 116 ಹಾಲಿ ಸಿಕ್ಕಾ ರೂಪಾಯಿಗಳು ದೊರೆಯುತ್ತಿದ್ದವು. ಅಂಚೆಚೀಟಿ ಬೇರೆ, ರೈಲ್ವೆ ಬೇರೆ, ಸುಂಕದ ಕಟ್ಟೆ ಬೇರೆ. ಕಚೇರಿಯ ಕಾಗದಪತ್ರಗಳಲ್ಲಿ ಫಸಲಿ ಸಂವತ್ಸರ. 1884ರ ಸುಮಾರಿಗೆ ಪಾರಸಿಯ ಸ್ಥಾನದಲ್ಲಿ ರಾಜಭಾಷೆಯಾಗಿ ಬಂದ ಉರ್ದುವೇ ಆಡಳಿತಕ್ಕೂ ನ್ಯಾಯಾಲಯಕ್ಕೂ ವಾಹಕ. ಕಲಬುರ್ಗಿ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡಿಗರಿಗೆ ಇದು ಸ್ವಂತ ರಾಜಧಾನಿ. ಮೈಸೂರಿನ ಕನ್ನಡಿಗನಿಗಾದರೋ ಅನ್ಯ ಸಂಸ್ಥಾನ.

ಹೊರಗಿನವರನ್ನು ಕರೆತಂದು ಅವರಿಂದ ಕೆಲಸ ತೆಗೆಯುವುದು ಈ ಸಂಸ್ಥಾನದ ಹಳೆಯ ಸಂಪ್ರದಾಯ. ಮೊದಲನೆಯ ಸಾಲಾರ್ ಜಂಗ್ ದಿವಾನನಾಗಿ ಆಡಳಿತವನ್ನು ನವೀಕರಿಸಲು ಹೊರಟಾಗ ಉತ್ತರಹಿಂದೂಸ್ಥಾನದಿಂದ ಅನುಭವಿಗಳಾದ ಅಧಿಕಾರಿಗಳನ್ನು ಆಹ್ವಾನಿಸಿದನು. 1874ರಲ್ಲಿ ಬಂದ ಮೊಹಸಿನ್-ಉಲ್-ಮುಲ್ಕರಂಥವರು ಕಂದಾಯದ ವ್ಯವಸ್ಥೆಯನ್ನೇ ಹೊಸದಾಗಿ ರೂಪಿಸಿದರು. ಬಂದವರು ಹೆಚ್ಚಿದಂತೆಲ್ಲ ನಾಡಿನವರಲ್ಲಿ ಅಸಮಾಧಾನವೂ ಬೆಳೆಯಿತು. ತಮ್ಮ ಮಕ್ಕಳಿಗೆ ಸಲ್ಲತಕ್ಕ ಉದ್ಯೋಗಗಳು ಪರಸ್ಥಳದವರ ಪಾಲಾಗುತ್ತಿವೆಯೆಂಬ ಮುಲ್ಕಿಗಳ, ಎಂದರೆ ನಾಡಿನವರ, ದೂರು ಕಡೆಗೆ 1919ರಲ್ಲಿ ನಿಯಮದ ರೂಪವನ್ನು ಪಡೆಯಿತು: ಸರ್ಕಾರಿ ಸೇವೆಗೆ ಸೇರಬೇಕಾದವನು ಸಂಸ್ಥಾನದಲ್ಲಿ ಹುಟ್ಟಿರಬೇಕು, ಇಲ್ಲವೆ 15 ವರ್ಷ ಅಲ್ಲಿ ವಾಸವಾಗಿದ್ದು ಶಾಶ್ವತವಾಗಿ ನೆಲಸುವ ಸಂಕಲ್ಪವನ್ನು ಪ್ರಮಾಣಪೂರ್ವಕವಾಗಿ ತಿಳಿಸಿರಬೇಕು.

ಈ ನಿಯಮದ ಲೆಕ್ಕಾಚಾರವನ್ನು ನಡುವಯಸ್ಕನ ದೃಷ್ಟಿಯಿಂದ ಪರಿಶೀಲಿಸಿದರೆ ಅದರ ಕಠೋರತೆ ಮನವರಿಕೆಯಾಗುತ್ತದೆ. ಇಪ್ಪತ್ತರಲ್ಲಿ ಬಂದ ತರುಣನಿಗೆ ಮೂವತ್ತೈದರ ವೇಳೆಗೆ ಅರ್ಹತೆ ಕೂಡಿಬರುತ್ತಿತ್ತು. ನಲವತ್ತರಲ್ಲಿ ಬಂದವನಿಗೆ ಅದು ಕೂಡಿಬರುತ್ತಿದ್ದುದು ಐವತ್ತೈದರಲ್ಲಿ, ಎಂದರೆ ಸರ್ಕಾರಿ ನೌಕರನು ನಿವೃತ್ತನಾಗತಕ್ಕ ವಯಸ್ಸಿನಲ್ಲಿ. ಕಾನೂನು ಅವನ ಮುಖಕ್ಕೆ ಬಾಗಿಲನ್ನು ಮುಚ್ಚಲಿಲ್ಲ; ಅವನು ಒಳಗೆ ಬರುವಷ್ಟರಲ್ಲಿ ಊಟ ಮುಗಿದಿರುವಂತೆ ಏರ್ಪಡಿಸಿತು. ಅಂಥವನು ಸೇವೆಗೆ ಸೇರಬೇಕಾದರೆ ಉಳಿದಿದ್ದುದು ಒಂದೇ ಮಾರ್ಗ: ಸಂಸ್ಥಾನಕ್ಕೆ ಅವನ ಅಗತ್ಯ ಎಷ್ಟು ತೀವ್ರವಾಗಿರಬೇಕೆಂದರೆ, ಪ್ರಭುವಿನ ವಿಶೇಷಾಜ್ಞೆಯಿಂದ ನಿಯಮವೇ ಸಡಿಲಗೊಳ್ಳಬೇಕು.

ಅಂಥ ಅಗತ್ಯ ಹೇಗೆ ಹುಟ್ಟುತ್ತದೆಂಬುದಕ್ಕೆ, ಈ ನಿಯಮಕ್ಕಿಂತ ಹತ್ತು ವರ್ಷ ಹಿಂದಿನದಾದರೂ, ಕನ್ನಡಿಗರಿಗೆ ಅತ್ಯಂತ ಪ್ರಿಯವಾದ ನಿದರ್ಶನ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರದು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದ ಅವರು ಇಪ್ಪತ್ತನಾಲ್ಕು ವರ್ಷಗಳ ಸೇವೆಯಲ್ಲಿ ಸುಕ್ಕೂರಿಗೆ ನೀರನ್ನು ಕೊಟ್ಟು, ಖಡಕವಾಸಲೆಯ ಜಲಾಶಯಕ್ಕೆ ತಾವೇ ಕಲ್ಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿ, ಏಡನ್ನಿನವರೆಗೆ ಹೋಗಿ ನೀರು ಸರಬರಾಜಿನ ಯೋಜನೆಯನ್ನು ರಚಿಸಿ ಬಂದಿದ್ದರು. ಇಷ್ಟಾದರೂ ಆ ಇಲಾಖೆಯ ಅತ್ಯುನ್ನತ ಪದವಿ ಆ ಕಾಲದಲ್ಲಿ ಭಾರತೀಯನಿಗೆ ದೊರೆಯತಕ್ಕುದಾಗಿರಲಿಲ್ಲ. ಐವತ್ತರ ಸಮೀಪದಲ್ಲಿದ್ದ ಅವರು 1908ರಲ್ಲಿ ಸ್ವಇಚ್ಛೆಯಿಂದ ನಿವೃತ್ತಿಯನ್ನು ಕೋರಿ ವಿದೇಶ ಪ್ರವಾಸಕ್ಕೆ ಹೊರಟರು. ಮುಂದೇನೆಂಬುದು ನಿಶ್ಚಯವಾಗಿರಲಿಲ್ಲ.

ಅದೇ ವರ್ಷದ ಸೆಪ್ಟೆಂಬರ್ 28ರಂದು ಹೈದರಾಬಾದಿನ ಮೂಸಿ ನದಿ ಉಕ್ಕಿ, ನಗರದ ಸೇತುವೆಗಳನ್ನೂ ಬೀದಿಗಳನ್ನೂ ಕೊಚ್ಚಿಕೊಂಡು ಹೋಯಿತು. ಮಡಿದವರ ಸಂಖ್ಯೆ ಸುಮಾರು 15,000 ಎಂದು ಅಂದಾಜು ಮಾಡಲಾಯಿತು. ಪರದೇಶದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ನಿಜಾಮ್ ಸರ್ಕಾರದ ಕರೆ ತಲಪಿತು. ಪ್ರವಾಸವನ್ನು ಮುಗಿಸಿಕೊಂಡು 1909ರಲ್ಲಿ ಅವರು ಹೈದರಾಬಾದಿಗೆ ಬಂದು ವಿಶೇಷ ಸಲಹೆಗಾರ ಎಂಜಿನಿಯರಾಗಿ ಕಾರ್ಯಾರಂಭ ಮಾಡಿದರು. ಅವರ ರೀತಿ ಗಮನಾರ್ಹವಾದದ್ದು. ನಗರದೊಳಗೆ ನಿಂತು ದಡಗಳನ್ನು ಎತ್ತರಿಸುವ ಮಾತನ್ನಾಡುವುದಕ್ಕೆ ಮೊದಲು ಅವರು ನದಿಯ ಜಲಾನಯನ ಪ್ರದೇಶವನ್ನೆಲ್ಲ ಅಳೆಯಿಸಿದರು. ಅಲ್ಲಿದ್ದ 788 ಕೆರೆಗಳ ಪೈಕಿ 221 ಒಡೆದುಹೋಗಿದ್ದುವೆಂಬುದನ್ನು ಲೆಕ್ಕಹಾಕಿದರು. ಪ್ರಳಯವು ದೈವದ ಕೋಪವೆಂದು ಕೈಚೆಲ್ಲಿ ಕುಳಿತಿದ್ದ ನಗರಕ್ಕೆ, ಅದು ಮಳೆಯ ಪ್ರಮಾಣಕ್ಕೂ ಒಡೆದ ಏರಿಗಳಿಗೂ ಸಂಬಂಧಿಸಿದ ಗಣಿತವೆಂದು ತೋರಿಸಿಕೊಟ್ಟರು. ನಗರಕ್ಕೆ ಕೆಲವೇ ಮೈಲಿ ಮೇಲಕ್ಕೆ ಮೂಸಿಗೂ ಅದರ ಉಪನದಿಯಾದ ಈಸಿಗೂ ಒಂದೊಂದು ಜಲಾಶಯವನ್ನು ಕಟ್ಟಿ ನೆರೆಯನ್ನು ಅಲ್ಲಿಯೇ ತಡೆಯಬೇಕೆಂಬುದು ಅವರ ಸಲಹೆ. ಮೊದಲನೆಯದು ಉಸ್ಮಾನ್ ಸಾಗರವಾಗಿ 1920ರಲ್ಲಿಯೂ ಎರಡನೆಯದು ಹಿಮಾಯತ್ ಸಾಗರವಾಗಿ 1927ರಲ್ಲಿಯೂ ಪೂರ್ಣಗೊಂಡವು.

1909ರ ನವೆಂಬರಿನಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರಾಗಿ ಹೊರಟರು, 1912ರಲ್ಲಿ ದಿವಾನರಾದರು. ಹೈದರಾಬಾದಿನಲ್ಲಿ ಅವರು ಕಳೆದದ್ದು ಒಂದು ವರ್ಷಕ್ಕೂ ಕಡಿಮೆಯಾದ ಅವಧಿ. ಆದರೆ ಮುಂಬಯಿಯ ಇಲಾಖೆಯಲ್ಲಿ ಮೇಲಧಿಕಾರಿಯ ಅಂಕೆಯಲ್ಲಿ ದುಡಿದ ಎಂಜಿನಿಯರು, ಒಂದು ರಾಜಧಾನಿಯ ಭವಿಷ್ಯವನ್ನು ಸ್ವತಂತ್ರವಾಗಿ ಆಲೋಚಿಸತಕ್ಕ ಸಲಹೆಗಾರನಾಗಿ ಮಾರ್ಪಟ್ಟದ್ದು ಆ ಅವಧಿಯಲ್ಲಿ. ಅವರು ಹೊಸ ವಿದ್ಯೆಯನ್ನೇನೂ ಕಲಿಯಲಿಲ್ಲ; ಇದ್ದ ವಿದ್ಯೆಗೆ ಅದುವರೆಗೆ ಇರದಿದ್ದ ಅಧಿಕಾರ ದೊರಕಿತು. ಆ ಅಧಿಕಾರವನ್ನು ದೊರಕಿಸಿದ್ದು ಅವರ ಕೀರ್ತಿಯಷ್ಟೇ ಅಲ್ಲ, ಮೂಸಿಯ ನೆರೆ ಕೂಡ.

ನಾಚಾರದ ನೆರೆಯಲ್ಲಿಯೇ ಇರುವ ಉಸ್ಮಾನಿಯಾ ವಿಶ್ವವಿದ್ಯಾನಿಲಯವೂ ಇಂಥವರ ಕೈಯಿಂದಲೇ ರೂಪುಗೊಂಡ ಸಂಸ್ಥೆ. 1918ರಲ್ಲಿ ಸ್ಥಾಪಿತವಾದ ಈ ವಿದ್ಯಾಲಯದಲ್ಲಿ ವೈದ್ಯ, ಕಾನೂನು, ಎಂಜಿನಿಯರಿಂಗುಗಳೆಲ್ಲವನ್ನೂ ಉರ್ದುವಿನಲ್ಲಿ ಬೋಧಿಸಬೇಕೆಂಬ ಸಂಕಲ್ಪವಿದ್ದುದರಿಂದ, ಪಠ್ಯಗಳನ್ನು ಸಿದ್ಧಪಡಿಸಲು 1917ರಲ್ಲಿ ಭಾಷಾಂತರ ವಿಭಾಗವೊಂದು ಏರ್ಪಟ್ಟಿತು. ಅದರ ಹೊಣೆ ಹೊತ್ತ ಮೌಲ್ವಿ ಅಬ್ದುಲ್ ಹಕ್ ಉತ್ತರದಿಂದ ಬಂದವರು, ನಲವತ್ತು ದಾಟಿದವರು. ಆವರಣದ ಮಧ್ಯದಲ್ಲಿ ನಿಂತಿರುವ, 1939ರಲ್ಲಿ ಉದ್ಘಾಟನೆಗೊಂಡ ಕಲಾ ಮಹಾವಿದ್ಯಾಲಯದ ಶಿಲಾಭವನವನ್ನು ವಿನ್ಯಾಸಗೊಳಿಸಿದ ಅರ್ನೆಸ್ಟ್ ಜಾಸ್ಪರ್ ಬೆಲ್ಜಿಯಮ್ ದೇಶದವನು. ಈಜಿಪ್ಟಿಗೆ ಹೋಗಿ ಕೈರೋದ ಹೀಲಿಯೋಪೋಲಿಸ್ ಬಡಾವಣೆಯಲ್ಲಿ ಅರಮನೆಯಂಥ ಹೋಟೆಲನ್ನು ಕಟ್ಟಿ ಹೆಸರು ಪಡೆದವನು. ಐವತ್ತನ್ನು ದಾಟಿದ ಮೇಲೆ ದಕ್ಖನಿನ ಕಣಶಿಲೆಯನ್ನು ತನ್ನ ಕಲ್ಪನೆಗೆ ಒಗ್ಗಿಸಿಕೊಂಡವನು. ಅವನ ಕಟ್ಟಡದಲ್ಲಿ ದೇಗುಲದ ಕಂಬವೂ ಮಸೀದಿಯ ಕಮಾನೂ ಒಂದೇ ಸೂರಿನಡಿಯಲ್ಲಿ ಸೇರಿರುವುದನ್ನು ನೋಡಿದವರು, ಸ್ಥಳೀಯ ಶಿಲ್ಪಕ್ಕೆ ಶಿಷ್ಯನಾಗಲು ಈ ಪರದೇಶಿ ಹಿಂಜರಿಯಲಿಲ್ಲವೆಂಬುದನ್ನು ಗ್ರಹಿಸುತ್ತಾರೆ.

ಎಲ್ಲರಿಗೂ ಹೀಗೆ ಕೈಗೂಡಿತೆಂದು ಭಾವಿಸಬಾರದು. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದು ಆ ಸಂಸ್ಥಾನಕ್ಕೆ ಸೊಬಗನ್ನೂ ಕೈಗಾರಿಕೆಯನ್ನೂ ತಂದುಕೊಟ್ಟ ಸರ್ ಮಿರ್ಜಾ ಇಸ್ಮಾಯಿಲರು, ಜಯಪುರದಲ್ಲಿ ಪ್ರಧಾನಿಯಾಗಿದ್ದು ಅಲ್ಲಿಯೂ ಯಶಸ್ವಿಯಾಗಿ, 1946ರಲ್ಲಿ ಅರವತ್ತೆರಡರ ವಯಸ್ಸಿನಲ್ಲಿ ನಿಜಾಮನ ಪ್ರಧಾನಿಯಾಗಿ ಹೈದರಾಬಾದಿಗೆ ಬಂದರು. ವಿಶ್ವೇಶ್ವರಯ್ಯನವರಿಗಿಂತ ಹೆಚ್ಚಿನ ಅಧಿಕಾರ ಅವರಿಗಿತ್ತು. ಆಡಳಿತದ ಅನುಭವ ಯಾರಿಗೂ ಕಡಿಮೆಯಲ್ಲ. ಆದರೆ ವಿಶ್ವೇಶ್ವರಯ್ಯನವರು ಬಂದಾಗ ನಗರವೆಲ್ಲ ಒಂದೇ ಅಗತ್ಯದ ಸುತ್ತ ಒಂದಾಗಿತ್ತು. ಮಿರ್ಜಾ ಬಂದಾಗ ಸಂಸ್ಥಾನವು ತನಗೇನು ಬೇಕೆಂಬುದರಲ್ಲಿಯೇ ಒಡೆದಿತ್ತು. ಭಾರತದೊಡನೆ ಸೌಹಾರ್ದವನ್ನು ಬಯಸಿದ ಅವರ ಧೋರಣೆಯನ್ನು, ಸಂಸ್ಥಾನವು ಸ್ವತಂತ್ರವಾಗಿಯೇ ಉಳಿಯಬೇಕೆನ್ನುತ್ತಿದ್ದ ಇತ್ತೆಹಾದ್ ಪಕ್ಷದವರು ಸಹಿಸಲಿಲ್ಲ. ವರ್ಷ ತುಂಬುವ ಮೊದಲೇ, 1947ರ ಮೇ ತಿಂಗಳಲ್ಲಿ, ಅವರು ರಾಜೀನಾಮೆಯನ್ನಿತ್ತು ನಿರ್ಗಮಿಸಿದರು. ಮನುಷ್ಯನಲ್ಲಿ ಊನವಿರಲಿಲ್ಲ, ಅವನನ್ನು ಕರೆದ ಮನೆಯಲ್ಲಿ ಒಮ್ಮತವಿರಲಿಲ್ಲ.

ಇದುವರೆಗೆ ಹೇಳಿದ್ದು ತಾವಾಗಿ ದೇಶವನ್ನು ಬದಲಾಯಿಸಿದವರ ವಿಷಯ. ಇನ್ನೊಂದು ಬಗೆಯವರೂ ಉಂಟು: ಅವರು ಕುಳಿತಲ್ಲಿಯೇ ಇರುವಾಗ ದೇಶವೇ ಅವರ ಅಡಿಯಿಂದ ಸರಿದುಹೋಯಿತು. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯ ಬಳಿಕ ನಿಜಾಮನ ಪ್ರಭುತ್ವ ಕೊನೆಗೊಂಡಿತು. ಅದರ ಬೆನ್ನಲ್ಲೇ ವಿಶ್ವವಿದ್ಯಾನಿಲಯದ ಬೋಧನೆಯಲ್ಲಿಯೂ ಉಚ್ಚ ನ್ಯಾಯಾಲಯದ ವ್ಯವಹಾರದಲ್ಲಿಯೂ ಉರ್ದುವಿನ ಸ್ಥಾನಕ್ಕೆ ಇಂಗ್ಲಿಷು ಬಂದಿತು. ಇಪ್ಪತ್ತು ವರ್ಷ ಉರ್ದುವಿನಲ್ಲಿ ಕಾನೂನನ್ನು ಓದಿ, ಉರ್ದುವಿನಲ್ಲಿ ವಾದಿಸಿ, ಉರ್ದುವಿನಲ್ಲಿ ಕಕ್ಷಿಗಾರರ ದಸ್ತಾವೇಜುಗಳನ್ನು ಬರೆದ ಕಲಬುರ್ಗಿಯ ವಕೀಲನು ನಲವತ್ತೈದರ ವಯಸ್ಸಿನಲ್ಲಿ ತನ್ನ ವೃತ್ತಿಯನ್ನು ಮೊದಲಿಂದ ಕಲಿಯಬೇಕಾಯಿತು. ಕಾನೂನಿನ ಜ್ಞಾನ ನಷ್ಟವಾಗಿರಲಿಲ್ಲ. ಅದನ್ನು ನ್ಯಾಯಪೀಠದ ಮುಂದೆ ಮಂಡಿಸತಕ್ಕ ಸಾಧನ ಮಾತ್ರ ಕೈತಪ್ಪಿತ್ತು.

ಎಂಟು ವರ್ಷಗಳ ತರುವಾಯ, 1956ರ ನವೆಂಬರ್ 1ರಂದು, ಹೈದರಾಬಾದು ರಾಜ್ಯವೇ ಮೂರು ಭಾಗವಾಗಿ, ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ಏಕೀಕರಣದ ಸಂತೋಷ ಸಹಜವಾದುದೇ. ಅದರ ನಡುವೆ ಒಂದು ವರ್ಗದವರ ಇಕ್ಕಟ್ಟನ್ನು ಚರಿತ್ರಕಾರರು ಅಷ್ಟಾಗಿ ಗಮನಿಸಿಲ್ಲ. ಕಲಬುರ್ಗಿಗೆ ಹೈದರಾಬಾದು ಇನ್ನೂರು ಕಿಲೋಮೀಟರುಗಳಿಗಿಂತ ಸ್ವಲ್ಪ ಹೆಚ್ಚಿನ ದೂರ. ಬೆಂಗಳೂರು ಅದರ ಎರಡು ಪಟ್ಟಿಗೂ ಮಿಗಿಲು. ಪಟವಾರಿ, ಗಿರ್ದಾವರ, ತಹಸೀಲ್ದಾರ ಎಂಬ ಸೋಪಾನದಲ್ಲಿ ಹತ್ತಿಬಂದ ಅಧಿಕಾರಿ, ಶಾನುಭೋಗ, ಶೇಕದಾರ, ಅಮಲ್ದಾರರ ಪದ್ಧತಿಯಲ್ಲಿ ಬೆಳೆದವರೊಡನೆಯೂ, ಮುಂಬಯಿ ಪ್ರಾಂತದಿಂದ ಬಂದ ಮಾಮಲೇದಾರರೊಡನೆಯೂ ಒಂದೇ ಜ್ಯೇಷ್ಠತಾಪಟ್ಟಿಯಲ್ಲಿ ಸೇರಬೇಕಾಯಿತು. ಐದು ಆಡಳಿತಗಳಿಂದ ಬಂದವರ ಹಿರಿತನ ಕಿರಿತನಗಳನ್ನು ನಿರ್ಣಯಿಸುವ ವ್ಯಾಜ್ಯಗಳು ದೀರ್ಘಕಾಲ ನಡೆದವು. ಹೊಸ ರಾಜ್ಯದಲ್ಲಿ ಈತ ಪರಕೀಯನಲ್ಲ, ಮನೆಗೆ ಮರಳಿದವನು. ಆದರೂ ಕಡತದ ಭಾಷೆ, ಮೇಲಧಿಕಾರಿಯ ರೀತಿ, ರಾಜಧಾನಿಯ ಹಾದಿ ಎಲ್ಲವೂ ಅವನಿಗೆ ನೂತನ. ಹೈದರಾಬಾದಿನಲ್ಲಿಯೇ ಉಳಿದ ಕನ್ನಡಿಗರಿಗಾದರೋ ನಿನ್ನೆಯವರೆಗಿನ ಸ್ವಂತ ರಾಜಧಾನಿ ಇಂದು ನೆರೆರಾಜ್ಯದ ಪಟ್ಟಣವಾಯಿತು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ವಿದ್ಯಾಸಂಸ್ಥೆಗಳಂಥ ಆಶ್ರಯಗಳು ಅವರಿಗೆ ಅಂದಿನಿಂದ ಮತ್ತಷ್ಟು ಅವಶ್ಯಕವಾದವು.

ನಾಚಾರಂ ತನ್ನ ಇಂದಿನ ಸ್ವರೂಪವನ್ನು ಪಡೆದದ್ದು ಈ ಪರಿವರ್ತನೆಯ ನಂತರದ ದಶಕಗಳಲ್ಲಿ. ಅದರ ಸನಿಹದಲ್ಲಿ 1944ರಲ್ಲಿಯೇ ನಿಜಾಮ್ ಸರ್ಕಾರ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನೆಯ ಕೇಂದ್ರ ಪ್ರಯೋಗಾಲಯವನ್ನು ಆರಂಭಿಸಿತ್ತು. ಅದು 1956ರಲ್ಲಿ ಪ್ರಾದೇಶಿಕ ಸಂಶೋಧನಾಲಯವಾಗಿ ಕೇಂದ್ರದ ವಿಜ್ಞಾನ ಮಂಡಳಿಯನ್ನು ಸೇರಿತು. 1961ರಲ್ಲಿ ಭೂಭೌತ ಸಂಶೋಧನಾಲಯ, 1967ರಲ್ಲಿ ಇಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಈ ಕಡೆಗೇ ಬಂದವು. ಆ ಕಾರ್ಪೊರೇಷನ್ನನ್ನು ಕಟ್ಟಿದ ಅಯ್ಯಗಾರಿ ಸಾಂಬಶಿವರಾಯರು ಟ್ರಾಂಬೆಯ ಪರಮಾಣು ಸಂಸ್ಥೆಯಲ್ಲಿ ವಿಜ್ಞಾನಿಯಾಗಿದ್ದವರು, ಐವತ್ತೆರಡರ ವಯಸ್ಸಿನಲ್ಲಿ ಮುಂಬಯಿಯನ್ನು ಬಿಟ್ಟು, ಪ್ರಯೋಗಾಲಯದ ಮೇಜಿನಿಂದ ಕಾರ್ಖಾನೆಯ ಆಡಳಿತಕ್ಕೆ ದಾಟಿದರು, ಸಮೀಪದ ಎ.ಎಸ್. ರಾವ್ ನಗರಕ್ಕೆ ಅವರ ಹೆಸರೇ ಉಳಿದಿದೆ. 1973ರಲ್ಲಿ ಆಂಧ್ರಪ್ರದೇಶ ಔದ್ಯೋಗಿಕ ಮೂಲಸೌಕರ್ಯ ನಿಗಮ ಸ್ಥಾಪಿತವಾಯಿತು. ನಿವೇಶನ, ರಸ್ತೆ, ನೀರು, ವಿದ್ಯುತ್ತುಗಳನ್ನು ಒಂದೆಡೆ ಒದಗಿಸುವ ನಾಚಾರದಂಥ ಔದ್ಯೋಗಿಕ ವಸಾಹತುಗಳು ಸ್ವಲ್ಪ ಬಂಡವಾಳವೂ ಹೆಚ್ಚು ವಿದ್ಯೆಯೂ ಉಳ್ಳವನಿಗೆ, ಅವನ ಊರು ಯಾವುದೆಂದು ಕೇಳದೆ, ಒಂದು ಷೆಡ್ಡಿನ ಜಾಗವನ್ನು ಕೊಡುತ್ತಿದ್ದುವು. ಮುಲ್ಕಿ ನಿಯಮವನ್ನು ಕುರಿತು 1952ರಲ್ಲಿ ಬೀದಿಯಲ್ಲಿಯೂ 1972ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿಯೂ ಹೋರಾಟ ನಡೆದ ನಗರದಲ್ಲಿ ಇದು ಸಾಮಾನ್ಯ ಮಾತಲ್ಲ. ಸರ್ಕಾರಿ ಹುದ್ದೆಯ ಬಾಗಿಲಲ್ಲಿ ಹುಟ್ಟೂರಿನ ಪ್ರಶ್ನೆ ಉಳಿದಿದ್ದಾಗ, ಕಾರ್ಖಾನೆಯ ಬಾಗಿಲಲ್ಲಿ ಅದು ಏಳುತ್ತಿರಲಿಲ್ಲ.

1976ರಲ್ಲಿ ಈ ನಾಚಾರದಲ್ಲಿಯೇ ನಂದಮೂರಿ ತಾರಕ ರಾಮರಾಯರು ರಾಮಕೃಷ್ಣ ಸ್ಟುಡಿಯೋವನ್ನು ತೆರೆದರು. ತೆಲುಗು ಚಿತ್ರೋದ್ಯಮ ಆಗಿನ್ನೂ ಬಹುಮಟ್ಟಿಗೆ ಮದರಾಸಿನಲ್ಲಿತ್ತು. ನಮ್ಮ ಕನ್ನಡ ಚಿತ್ರಗಳಂತೆಯೇ ಅದೂ ತಮಿಳುನಾಡಿನ ಸ್ಟುಡಿಯೋಗಳಲ್ಲಿ ಬೆಳೆದು, ತಡವಾಗಿ ತನ್ನ ನಾಡಿಗೆ ಮರಳಬೇಕಾಗಿತ್ತು. ಐವತ್ತಮೂರರ ವಯಸ್ಸಿನಲ್ಲಿ, ಮದರಾಸಿನಲ್ಲಿ ಗಳಿಸಿದ ಸ್ಥಾನವೆಲ್ಲ ಭದ್ರವಾಗಿರುವಾಗ, ರಾಮರಾಯರು ಇಲ್ಲಿ ಸ್ವಂತ ನೆಲೆಯನ್ನು ಕಟ್ಟಿ, ಮೂರು ಪಾತ್ರಗಳನ್ನು ತಾವೇ ಧರಿಸಿ, ನಿರ್ದೇಶನವನ್ನೂ ವಹಿಸಿ ‘ದಾನವೀರಶೂರ ಕರ್ಣ’ ಚಿತ್ರವನ್ನು ತಯಾರಿಸಿದರು. 1977ರ ಸಂಕ್ರಾಂತಿಗೆ ಅದು ಬಿಡುಗಡೆಯಾಯಿತು. 1982ರಲ್ಲಿ ಪಕ್ಷವನ್ನು ಸ್ಥಾಪಿಸಿ ಮರುವರ್ಷದ ಜನವರಿಯಲ್ಲಿ ಮುಖ್ಯಮಂತ್ರಿಯಾದದ್ದು ಸರ್ವವಿದಿತ. ಅವರ ರಾಜಕೀಯ ಜನ್ಮಕ್ಕೆ ಸ್ಟುಡಿಯೋವೇ ಕಾರಣವೆಂದು ಹೇಳಿದರೆ ತಪ್ಪಾದೀತು. ಆದರೆ ಮದರಾಸಿನಲ್ಲಿಯೇ ಉಳಿದ ನಟನಿಗೆ ಹೈದರಾಬಾದಿನ ಗದ್ದುಗೆ ಇನ್ನಷ್ಟು ದೂರವಾಗಿರುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ.

ನಾಚಾರದ ಸ್ವಭಾವಕ್ಕೆ ಇನ್ನೂ ಹತ್ತಿರದ ನಿದರ್ಶನ ರಸಾಯನಶಾಸ್ತ್ರಜ್ಞ ಎ.ವಿ. ರಾಮರಾಯರದು. ಗುಂಟೂರಿನವರಾದ ಅವರು ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದಲ್ಲಿ ದೀರ್ಘಕಾಲ ದುಡಿದು, ನಲವತ್ತರ ಸುಮಾರಿನಲ್ಲಿ, ಬೇರೆಯವರು ಇನ್ನು ಕಲಿಯುವುದೇನಿದೆಯೆಂದು ನೆಮ್ಮದಿಯಾಗಿರುವ ಪ್ರಾಯದಲ್ಲಿ, ಅಮೆರಿಕದ ಹಾರ್ವರ್ಡಿಗೆ ತೆರಳಿ ಇ.ಜೆ. ಕೋರಿಯವರ ಬಳಿ ಜಟಿಲ ಅಣುಗಳ ಸಂಶ್ಲೇಷಣೆಯನ್ನು ಅಭ್ಯಾಸ ಮಾಡಿದರು. 1985ರಲ್ಲಿ, ಹಿಂದೆ ಹೇಳಿದ ಹೈದರಾಬಾದಿನ ಪ್ರಾದೇಶಿಕ ಸಂಶೋಧನಾಲಯದ ನಿರ್ದೇಶಕರಾದರು. ಏಡ್ಸ್ ರೋಗಿಗಳಿಗೆ ಆಗ ಲಭ್ಯವಿದ್ದ ಜಿಡೋವುಡೀನ್ ಎಂಬ ಔಷಧವನ್ನು ಕಡಿಮೆ ವೆಚ್ಚದಲ್ಲಿ ತಯಾರಿಸುವ ವಿಧಾನ ಅವರ ಕಾಲದಲ್ಲಿ ಅಲ್ಲಿ ಸಿದ್ಧವಾಯಿತು. ಸಿಪ್ಲಾ ಸಂಸ್ಥೆ ಅದನ್ನು ಮಾರುಕಟ್ಟೆಗೆ ತಂದಿತು. 1995ರಲ್ಲಿ ಅರವತ್ತು ತುಂಬಿ ನಿವೃತ್ತರಾದಾಗ ಅವರು ತಮ್ಮ ಮೊದಲಕ್ಷರಗಳಿಂದಲೇ ಹೆಸರಿಟ್ಟು ಅವ್ರಾ ಪ್ರಯೋಗಾಲಯವನ್ನು ನಾಚಾರದಲ್ಲಿ ಆರಂಭಿಸಿದರು. ಸರ್ಕಾರಿ ನಿರ್ದೇಶಕನಾಗಿದ್ದವನು ಸಂಬಳ ಕೊಡಬೇಕಾದ ಉದ್ಯಮಿಯಾದನು. ಹಾರ್ವರ್ಡಿನಲ್ಲಿ ಕಲಿತದ್ದು ಫಲಕ್ಕೆ ಬಂದದ್ದು ಆ ವಿದ್ಯೆಯನ್ನು ಕೊಳ್ಳತಕ್ಕ ಔಷಧೋದ್ಯಮ ಹೈದರಾಬಾದಿನಲ್ಲಿ ಆ ವೇಳೆಗೆ ಬೆಳೆದಿದ್ದುದರಿಂದ. 2001ರಲ್ಲಿ ಆರಂಭವಾದ ಜಿವಿಕೆ ಬಯೋಸೈನ್ಸಸ್, ಈಗಿನ ಅರಾಜೆನ್, ಇದೇ ನಾಚಾರದಲ್ಲಿ ಪಾಶ್ಚಾತ್ಯ ಔಷಧ ಸಂಸ್ಥೆಗಳಿಗೆ ಸಂಶೋಧನೆಯನ್ನು ಮಾಡಿಕೊಡುತ್ತಿದೆ. ಹಿಂದೆ ವಿದ್ಯೆಯುಳ್ಳವನು ಕೆಲಸವನ್ನು ಅರಸಿ ಸಮುದ್ರವನ್ನು ದಾಟುತ್ತಿದ್ದನು; ಈಗ ಕೆಲಸವೇ ಸಮುದ್ರವನ್ನು ದಾಟಿ ಷೆಡ್ಡಿಗೆ ಬರತೊಡಗಿದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪಕ್ಷಪಾತವನ್ನು ಒಪ್ಪಿಕೊಳ್ಳದೆ ಮುಂದುವರಿಯಲಾಗದು. ಚರಿತ್ರೆಯು ಕರೆಬಂದವರ ಹೆಸರುಗಳನ್ನು ಬರೆದಿಟ್ಟುಕೊಳ್ಳುತ್ತದೆ. ನಿಜಾಮನ ಕಾಲದಲ್ಲಿ ಹತ್ತಿಯ ನಾಡಿಗೆ ಜೀವನಾಡಿಯಾಗಿದ್ದ ಕಲಬುರ್ಗಿಯ ಎಂ.ಎಸ್.ಕೆ. ಮಿಲ್ಲು ಮುಚ್ಚಿಹೋದಾಗ, ನಲವತ್ತೈದರ ಮಗ್ಗದ ಕಾರ್ಮಿಕನಿಗೆ ಯಾವ ಸರ್ಕಾರವೂ ಕರೆಯನ್ನು ಕಳುಹಿಸಲಿಲ್ಲ. ಅವನ ಕೈಯಲ್ಲಿಯೂ ಇಪ್ಪತ್ತು ವರ್ಷಗಳ ವಿದ್ಯೆ ಇತ್ತು. ಆದರೆ ಅದು ಆ ಯಂತ್ರಕ್ಕೆ ಕಟ್ಟುಬಿದ್ದ ವಿದ್ಯೆ; ಯಂತ್ರ ನಿಂತರೆ ಅದೂ ನಿಲ್ಲುತ್ತಿತ್ತು. ಎಂಜಿನಿಯರನ ಗಣಿತ ಯಾವ ನದಿಗೂ ಸಲ್ಲುತ್ತದೆ, ರಸಾಯನಜ್ಞನ ಸೂತ್ರ ಯಾವ ಪ್ರಯೋಗಾಲಯಕ್ಕೂ ಸಲ್ಲುತ್ತದೆ. ಮಗ್ಗದವನಿಗೆ ಅಂಥ ಸೌಲಭ್ಯವಿಲ್ಲ. ಆದಕಾರಣ ನಡುವಯಸ್ಸಿನಲ್ಲಿ ಹೊಸ ಬದುಕನ್ನು ಕಟ್ಟಿಕೊಂಡವರನ್ನು ಮೆಚ್ಚುವಾಗ, ಕಟ್ಟಿಕೊಳ್ಳಲಾರದವರನ್ನು ಉದಾಸೀನರೆಂದೋ ಅಧೈರ್ಯಶಾಲಿಗಳೆಂದೋ ಹಳಿಯುವುದು ಅನ್ಯಾಯ.

ಈಚೆಗೆ ನಮ್ಮ ನಡುವಯಸ್ಸಿನ ಸುಶಿಕ್ಷಿತರು ಕೆನಡಾಕ್ಕೋ ಆಸ್ಟ್ರೇಲಿಯಾಕ್ಕೋ ಜರ್ಮನಿಗೋ ಹೊರಡುವ ಯೋಚನೆಯನ್ನು ಮಾಡುವಾಗ ಕೇಳಿಕೊಳ್ಳುವುದು ಬಹುಶಃ ತಮ್ಮ ಎದೆಗಾರಿಕೆಯ ವಿಷಯವನ್ನೇ: ಈ ವಯಸ್ಸಿನಲ್ಲಿ ನನಗೆ ಸಾಧ್ಯವೆ? ಮೂಸಿಯ ತೀರದ ಚರಿತ್ರೆಯನ್ನು ಬಲ್ಲವರು ಅವರಿಗೆ ಬೇರೆ ಪ್ರಶ್ನೆಗಳನ್ನು ಸೂಚಿಸಿಯಾರು. ಆ ನಾಡಿಗೆ ಏನು ಕೊರತೆಯಿದೆ? ಆ ಕೊರತೆಯ ವಿಷಯದಲ್ಲಿ ಅಲ್ಲಿಯವರು ಒಮ್ಮತವುಳ್ಳವರೆ? ನಮ್ಮ ವಿದ್ಯೆ ಇಲ್ಲಿಯ ಭಾಷೆಯನ್ನೂ ಯಂತ್ರವನ್ನೂ ಹುದ್ದೆಯನ್ನೂ ಬಿಟ್ಟು ಪ್ರಯಾಣ ಮಾಡಬಲ್ಲದೆ? ಅಲ್ಲಿಯ ಕಾನೂನು ನಮ್ಮನ್ನು ಒಳಗೆ ಬಿಡುವ ಹೊತ್ತಿಗೆ ನಮಗೆ ದುಡಿಯುವ ವರ್ಷಗಳು ಉಳಿದಿರುತ್ತವೆಯೆ? ಈ ಪ್ರಶ್ನೆಗಳಿಗೆ ಅನುಕೂಲವಾದ ಉತ್ತರ ದೊರೆತರೆ ವಯಸ್ಸು ದೊಡ್ಡ ಅಡ್ಡಿಯಲ್ಲ. ಐವತ್ತೂ ಅರವತ್ತೂ ಆರಂಭಕ್ಕೆ ತಕ್ಕ ವಯಸ್ಸುಗಳೇ. ದೊರೆಯದಿದ್ದರೆ ಮಿರ್ಜಾ ಇಸ್ಮಾಯಿಲರಂಥ ಸಮರ್ಥರೂ ವರ್ಷದೊಳಗೆ ಹಿಂದಿರುಗಬೇಕಾದೀತು, ಮತ್ತು ಹಾಗೆ ಹಿಂದಿರುಗುವುದರಲ್ಲಿ ಅವಮಾನವೇನೂ ಇಲ್ಲ. ಇತ್ತ ಬರಮಾಡಿಕೊಳ್ಳುವ ನಾಡಿಗೂ ಒಂದು ಹೊಣೆಯುಂಟು: ಅನುಭವದಿಂದ ಪಕ್ವನಾಗಿ ಬಂದವನನ್ನು ಹದಿನೈದು ವರ್ಷ ಹೊಸ್ತಿಲಲ್ಲಿ ಕಾಯಿಸುವ ಸರ್ಕಾರ, ಅವನನ್ನು ರೂಪಿಸಲು ಮತ್ತೊಂದು ನಾಡು ಮಾಡಿದ ವೆಚ್ಚವನ್ನು ಪುಕ್ಕಟೆಯಾಗಿ ಪಡೆಯುವ ಅವಕಾಶವನ್ನು ತಾನೇ ಕಳೆದುಕೊಳ್ಳುತ್ತದೆ.